ನಾಲ್ಕು ಗಂಟೆ ಬಸ್ಸಿನ ಆಟದ ಮೇಡಂ

ಅರಸೀಕೆರೆಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಾಫ್ಟ್‌ಬಾಲ್ ಹೇಳಿಕೊಡುತ್ತಿದ್ದ ಮೇಡಂ ಈ ವರ್ಷದಿಂದ ಬರುತ್ತಿಲ್ಲ. ಹೊರಗೆ ಹೋಗಿ ಆಡುವ ಟೀಮೇ ಇಲ್ಲದ ಮೇಲೆ ಪಾರ್ಟ್ ಟೈಮ್ ಮೇಡಂ ಯಾಕೆ ಎಂದು ಕಾಲೇಜಿನವರು ಕೇಳಿದರಂತೆ. ಕೇಳಿದ್ದರಲ್ಲಿ ತಪ್ಪಿಲ್ಲ. ಟೀಮ್ ಯಾಕಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮೇಡಂ ಅವರ ಹೆಸರು ಬರೆಯುವುದಿಲ್ಲ. ಹಳೇಬೀಡಿನ ಆಚೆ ಒಂದು ಸಣ್ಣ ಊರಿನಲ್ಲಿ ಅವರ ಗಂಡನ ಮನೆ ಇದೆ, ಅವರು ಇನ್ನೂ ಅಲ್ಲೇ ಬದುಕಬೇಕು.

ನಾನು ಹಾರನಹಳ್ಳಿಯಿಂದ ಅರಸೀಕೆರೆಗೆ ಪ್ಯಾಸೆಂಜರ್ ಟೆಂಪೊ ಓಡಿಸುವವನು. ಟೆಂಪೊ ನನ್ನದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದೊಡ್ಡ ಮನೆಯೊಂದರ ಕೊಟ್ಟಿಗೆಗೆ ಸೇರಿದೆ. ಹತ್ತು ವರ್ಷ ಸಗಣಿ ಬಾಚಿ, ಹಾಲು ಕರೆದು, ಆಮೇಲೆ ಸ್ಟೇರಿಂಗ್ ಹಿಡಿದೆ. ಒಂದು ಕೆಲಸ ನನ್ನ ಕೈಲಾಗಲ್ಲ ಎಂದು ಯಾರ ಮುಂದೆಯೂ ಹೇಳಿದವನಲ್ಲ. ಇದು ಹೆಚ್ಚುಗಾರಿಕೆಗೆ ಹೇಳುವ ಮಾತಲ್ಲ. ಮುಂದೆ ಆದದ್ದೆಲ್ಲ ಈ ಗುಣದಿಂದಲೇ ಆಯಿತು.

ಮೇಡಂ ಅವರನ್ನು ಮೊದಲು ನೋಡಿದ್ದು ಪಂಚರ್ ಅಂಗಡಿಯಲ್ಲಿ. ನಾನು ಚಕ್ರ ಬಿಚ್ಚಿಸುತ್ತಿದ್ದೆ. ಮೂವತ್ತೈದರ ಆಸುಪಾಸಿನ ಹೆಂಗಸು, ಟ್ರ್ಯಾಕ್ ಪ್ಯಾಂಟಿನ ಮೇಲೆ ಉದ್ದನೆಯ ಜುಬ್ಬ, ತಲೆ ಬಿಗಿಯಾಗಿ ಕಟ್ಟಿದ್ದರು.

"ಹಳೇ ಟೈರ್ ಇದ್ರೆ ಒಂದ್ ತುಂಡು ಕೊಡ್ತೀರಾ ಅಣ್ಣ? ಹೋಮ್ ಪ್ಲೇಟ್ ಮಾಡ್ಬೇಕು."

"ಟೈರಲ್ಲಿ ಎಂಥಾ ಪ್ಲೇಟು ಮೇಡಂ, ಊಟಕ್ಕಾ?"

ಅವರು ನಗಲಿಲ್ಲ. ಸೀಮೆಸುಣ್ಣ ತೆಗೆದು ನೆಲದ ಮೇಲೆ ಐದು ಮೂಲೆಯ ಆಕಾರ ಬರೆದು, ಗೇಣಿನಲ್ಲಿ ಅಳೆದು ತೋರಿಸಿದರು. ಆಟವನ್ನೂ ಅಲ್ಲೇ ಹೇಳಿದರು. ಬಾಲನ್ನು ಕೈ ಕೆಳಗಿನಿಂದ ಬೀಸಿ ಎಸೆಯುತ್ತಾರೆ, ಹೊಡೆದವಳು ಮೂರು ಬೇಸ್ ಮುಟ್ಟಿ ಮತ್ತೆ ಈ ಹೋಮ್ ಪ್ಲೇಟಿಗೆ ಓಡಿಬಂದರೆ ಒಂದು ರನ್. ಉಳಿದ ಮೂರು ಬೇಸುಗಳನ್ನು ಅವರೇ ಮಾಡಿಕೊಂಡಿದ್ದರು. ಕೊಬ್ಬರಿ ಮಂಡಿಯ ಗೋಣಿಚೀಲ, ಒಳಗೆ ತೆಂಗಿನ ನಾರು. ನಾನು ಟೈರು ಕುಯ್ದು ಕೊಟ್ಟೆ. ದುಡ್ಡು ಬೇಡ ಎಂದೆ. "ಹಂಗಾದ್ರೆ ಬಂದು ಆಟ ನೋಡಿ" ಎಂದರು. ನೋಡಲು ಹೋದೆ. ಮಾರನೇ ವರ್ಷ ನನ್ನ ಮಗಳು ರೂಪ ಅದೇ ಕಾಲೇಜಿಗೆ ಸೇರಿ ಅದೇ ಟೈರಿನ ತುಂಡಿನ ಹಿಂದೆ ಮುಖಕ್ಕೆ ಜಾಲರಿ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಳು. ಕ್ಯಾಚರ್, ಕ್ರಿಕೆಟ್ಟಿನ ಕೀಪರ್ ಇದ್ದ ಹಾಗೆ.

ಮೇಡಂ ಅವರಿಗೆ ಗಡಿಯಾರ ಮಣಿಕಟ್ಟಿನ ಒಳಮಗ್ಗುಲಿಗೆ. ಹುಡುಗಿಯರ ಆಟ ನೋಡುತ್ತಲೇ ಅಂಗೈ ತಿರುಗಿಸಿ ಹೊತ್ತು ನೋಡುವರು. ನಾಲ್ಕಕ್ಕೆ ಹಳೇಬೀಡಿನ ಬಸ್ಸು. ಆಟ ಎಲ್ಲಿಗೇ ಬಂದಿರಲಿ, ಹತ್ತು ನಿಮಿಷ ಮೊದಲು ಚೀಲ ಹೆಗಲಿಗೆ ಬೀಳುವುದು. ಕಾಲೇಜಿನಲ್ಲಿ ಎಲ್ಲರೂ ಅವರನ್ನು ನಾಲ್ಕು ಗಂಟೆ ಬಸ್ಸು ಎಂದೇ ಕರೆಯುತ್ತಿದ್ದುದು. ಅವರಿಗೂ ಅದು ಗೊತ್ತಿತ್ತು.

ಅವರು ಹೇಳಿಕೊಡುವ ರೀತಿ ಪುಸ್ತಕದ್ದಲ್ಲ. ಬಾಲು ಎಸೆಯುವವಳಿಗೆ ಬೆರಳು ಎಲ್ಲಿಡಬೇಕೆಂದು ತೋರಿಸುವಾಗ, "ಹಾಲು ಕರೆಯೋ ಹಿಡಿತ ಕಣೇ. ಹಿಸುಕಬೇಡ, ಜಗ್ಗಬೇಡ, ಮೇಲಿಂದ ಕೆಳಗೆ ಒಂದೊಂದೇ ಬೆರಳು ಬಿಗಿ ಮಾಡು" ಎನ್ನುವರು. ಪೇಟೆಯ ಹುಡುಗಿಯರು ಮುಸಿಮುಸಿ ನಗುವರು. ಹಳ್ಳಿ ಹುಡುಗಿಯರ ಬಾಲು ಸರಿಯಾಗಿ ಹೋಗುವುದು.

ಬೇಸಿನ ಮೇಲೆ ನಿಂತವಳಿಗೆ ಒಂದು ನಿಯಮವಿದೆ. ಎಸೆಯುವವಳ ಕೈಯಿಂದ ಬಾಲು ಬಿಡುವ ತನಕ ಓಡಲು ನಿಂತವಳ ಕಾಲು ಬೇಸ್ ಬಿಡುವಂತಿಲ್ಲ. ಬಿಟ್ಟರೆ ಔಟ್. ಇದನ್ನು ಅವರು ದಿನಕ್ಕೆ ಹತ್ತು ಸಲ ಹೇಳುವರು. "ನಿನ್ ಕಾಲು ನಿಂದಲ್ಲ ಈಗ, ಅವಳ ಕೈಲೈತೆ. ಬಿಡ್ತಾಳೆ, ಕಾಯಿ." ಓದಿದವರ ಮಾತಿನ ನಡುವೆ ಹೀಗೆ ಊರ ಮಾತು ಬಂದರೆ ಅವರು ಆಟದೊಳಗೆ ಇಳಿದಿದ್ದಾರೆ ಎಂದರ್ಥ.

ನನ್ನ ಮಗಳದ್ದು ಬೇರೆ ರೋಗ. ನಮ್ಮ ಕಡೆ ತೆಂಗಿನಕಾಯಿ ಅಟ್ಟಕ್ಕೆ ಏರಿಸುವಾಗ ಮನೆಮಂದಿಯೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಎಸೆಯುತ್ತೇವೆ. ಹಿಡಿದ ಕಾಯಿ ಕೈಯಲ್ಲಿ ನಿಲ್ಲಬಾರದು, ಬಂದ ರಭಸದಲ್ಲೇ ಎಡಗಡೆಯವರಿಗೆ ಹೋಗಬೇಕು. ರೂಪ ಅದರಲ್ಲೇ ಬೆಳೆದವಳು. ಒಂದು ದಿನ ಬಾಲನ್ನು ಹಿಡಿಯುವುದೇನೋ ಹಿಡಿದಳು, ನೋಡದೆ ಎಡಕ್ಕೆ ಎಸೆದಳು. ಎಡಗಡೆ ಯಾರೂ ಇರಲಿಲ್ಲ. ಬಾಲು ರೈಲ್ವೆ ಕಾಂಪೌಂಡಿನೊಳಗೆ ಬಿತ್ತು.

"ಅಲ್ಲಿ ನಿಮ್ಮವ್ವ ನಿಂತವ್ರೇನೆ?" ಎಂದರು ಮೇಡಂ. "ಅಟ್ಟ ತುಂಬಿಸಿದ್ದು ಸಾಕು, ನೋಡಿ ಎಸಿ."

ಒಂದು ತಿಂಗಳಲ್ಲಿ ಆ ಕೈಯನ್ನೇ ಅವರು ಬಳಸಿಕೊಂಡರು. ರೂಪ ಹಿಡಿದಿದ್ದು ಕಾಣುವುದರೊಳಗೆ ಬಾಲು ಎರಡನೇ ಬೇಸಿನಲ್ಲಿರುತ್ತಿತ್ತು, ಅಲ್ಲಿಗೆ ಓಡಿದವಳು ಔಟ್. ಅದು ಅವಳ ಎರಡನೇ ವರ್ಷ. ಅಲ್ಲಿಂದ ಟೀಮು ಗೆಲ್ಲಲು ಶುರುಮಾಡಿತು. ಆಚೀಚೆ ತಾಲೂಕಿನ ಕಾಲೇಜುಗಳನ್ನು ಸೋಲಿಸಿದರು, ಹಾಸನಕ್ಕೆ ಹೋಗಿ ಎರಡು ಟೀಮು ಸೋಲಿಸಿ ಬಂದರು. ಎಲ್ಲವೂ ಒಂದೇ ದಿನದಲ್ಲಿ ಹೋಗಿ ಬರುವ ಪಂದ್ಯಗಳು. ನಾನೇ ಕರೆದೊಯ್ಯುತ್ತಿದ್ದೆ, ಡೀಸೆಲ್ ಹಾಕಿಸಿದರೆ ಸಾಕು ಎಂದಿದ್ದೆ.

ಬೇಲೂರಿನ ಪಂದ್ಯ ಏಳು ಇನ್ನಿಂಗ್ಸ್ ಮುಗಿದರೂ ಸಮವಾಗಿ ಇನ್ನೆರಡು ಇನ್ನಿಂಗ್ಸ್ ಎಳೆಯಿತು. ಗೆದ್ದೆವು. ಆದರೆ ಮೇಡಂ ಗೆಲುವಿನ ಕಡೆ ನೋಡಲಿಲ್ಲ, ಅಂಗೈ ತಿರುಗಿಸಿ ನೋಡುತ್ತಿದ್ದರು. "ಅಣ್ಣ, ಹಳೇಬೀಡಿನ ಮೇಲೇ ತಾನೇ ಹೋಗೋದು? ನನ್ನನ್ನ ಊರೊಳಗೆ ಬಿಟ್ಟು ಹೋಗಕ್ಕಾಗುತ್ತಾ?" ಎಂದರು. ಹುಡುಗಿಯರು ಹಳೇಬೀಡಿನ ತನಕ ಹಾಡಿದರು. ಊರೊಳಕ್ಕೆ ತಿರುಗಿದ ಮೇಲೆ ಯಾಕೋ ನಿಲ್ಲಿಸಿದರು.

ಮನೆಯ ಜಗಲಿಯ ಮೇಲೆ ಅವರ ಗಂಡ ಕೂತಿದ್ದರು. ಆಲೂಗಡ್ಡೆ, ಜೋಳ ಬೆಳೆಯುವವರು, ದನಿ ಎತ್ತರಿಸದ ಮನುಷ್ಯ.

"ಗೆದ್ರಾ?"

"ಗೆದ್ವು."

"ಹಸ ನೋಡು."

ಅಷ್ಟೇ ಮಾತು. ಮೇಡಂ ಚೀಲ ಇಳಿಸಿ, ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿದ್ದ ಹಸಿರು ಹೂವಿನ ಹಳೇ ನೈಲಾನ್ ಸೀರೆಯನ್ನು ಟ್ರ್ಯಾಕ್ ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು ಹಸುವಿನ ಪಕ್ಕ ಕೂತರು. ಹನ್ನೆರಡು ಹುಡುಗಿಯರು ಅಂಗಳದಲ್ಲಿ ನಿಂತು ನೋಡಿದರು. ಯಾರೂ ಕೇಳದಿದ್ದರೂ ಅವರ ಅತ್ತೆ ಹೇಳಿದರು: "ಕರ ಸತ್ತಾಗಿಂದ ಇವಳೇ ಅದಕ್ಕೆ ಕರ. ಆ ಸೀರೆ ವಾಸ್ನೆ ಇಲ್ದಿದ್ರೆ ಇವಳ್ನೂ ಒದೀತದೆ. ನನ್ ಕೈ ಗಂಟು ಕಟ್ಟೈತೆ, ಮಗ ಹತ್ರ ಹೋದ್ರೆ ಕೊಂಬು ತಿರುಗುಸ್ತದೆ."

"ಸೀರೆ ಉಟ್ಕಂಡು ಕರೆದ್ರೆ ಕೊಡುತ್ತೇನೋ" ಎಂದೆ. ನಮ್ಮೂರಲ್ಲಿ ಹೆಂಡತಿ ಬಾಣಂತನಕ್ಕೆ ಹೋದಾಗ ಗಂಡಸರು ಹಾಗೆ ಕರೆಯುವುದುಂಟು.

ಗಂಡ ನನ್ನನ್ನು ನೋಡಿ ನಕ್ಕರು. "ನೀವು ಉಡ್ತೀರಾ?"

ತಿಂಗಳು ಕಳೆಯುವುದರೊಳಗೆ ಟೀಮು ಕಾಲೇಜುಗಳ ಪಂದ್ಯಾವಳಿಯ ಕೊನೆಯ ಸುತ್ತಿಗೆ ಬಂತು. ಮೈಸೂರಿನಲ್ಲಿ ಪಂದ್ಯ, ಗುರುವಾರ ಹೋದರೆ ಭಾನುವಾರ ವಾಪಸು. ರಾತ್ರಿ ಉಳಿಯುವ ಕಡೆಗೆ ಹೆಣ್ಣುಮಕ್ಕಳ ಜೊತೆ ಕಾಲೇಜಿನ ಹೆಂಗಸೊಬ್ಬರು ಇರಲೇಬೇಕು, ಇಲ್ಲದಿದ್ದರೆ ಕಳಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ನನ್ನ ಮಗಳೂ ಅದರಲ್ಲಿದ್ದಳು, ನಾನು ಅವರ ಮಾತನ್ನು ಒಪ್ಪಿದೆ. ಉಳಿದ ಇಬ್ಬರು ಲೇಡಿ ಲೆಕ್ಚರರುಗಳಲ್ಲಿ ಒಬ್ಬರಿಗೆ ಎಳೆಗೂಸು, ಇನ್ನೊಬ್ಬರಿಗೆ ಪರೀಕ್ಷೆ ಡ್ಯೂಟಿ. ಮೇಡಂ ಹೋದರೆ ಟೀಮು ಹೋಗುತ್ತದೆ, ಇಲ್ಲವಾದರೆ ಇಲ್ಲ.

ಮೇಡಂ ಟೆಂಪೊ ಸ್ಟ್ಯಾಂಡಿಗೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಬಸ್ಸಿಗೆ ಇನ್ನೂ ಕಾಲು ಗಂಟೆ ಇತ್ತು.

"ಹುಡುಗೀರಿಗೆ ನೀವೇ ಹೇಳಿ ಅಣ್ಣ. ನನ್ ಕೈಲಾಗಲ್ಲ."

"ಮನೇಲಿ ಬೇಡ ಅಂದ್ರಾ?"

"ಅವರು ಯಾವತ್ತೂ ಬೇಡ ಅನ್ನಲ್ಲ. 'ಹೋಗು, ಹಸಕ್ಕೆ ಏನ್ ಮಾಡ್ತೀಯೋ ಮಾಡಿ ಹೋಗು' ಅಂತಾರೆ. ಬೇಡ ಅಂದಿದ್ರೆ ಜಗಳನಾದ್ರೂ ಆಡಬಹುದಿತ್ತು." ಅಂಗೈ ತಿರುಗಿಸಿ ಹೊತ್ತು ನೋಡಿ ಮತ್ತೆ ಹೇಳಿದರು. "ಬೆಳಗ್ಗೆ ಕರೆದು ಏಳಕ್ಕೆ ಮನೆ ಬಿಡ್ತೀನಿ. ಸಾಯಂಕಾಲ ಆರಕ್ಕೆ ವಾಪಸ್ ಕೊಟ್ಟಿಗೇಲಿರಬೇಕು. ನನ್ ಹಗ್ಗ ಅಷ್ಟೇ ಉದ್ದ. ಹಾಸನ ಸಿಗುತ್ತೆ, ಬೇಲೂರು ಸಿಗುತ್ತೆ. ಮೈಸೂರು ಸಿಗಲ್ಲ."

ಅವರು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆ. ಬಸ್ಸಿನ ವೇಳಾಪಟ್ಟಿ ಓದಿದಂತೆ ಹೇಳಿದರು. ಅದನ್ನು ನನಗೆ ತಡೆಯಲಾಗಲಿಲ್ಲ.

"ನಾನು ಕರೀತೀನಿ ಮೇಡಂ. ನಿಮ್ಮೂರಿಂದ ಎರಡು ಮೈಲಿಗೆ ನನ್ ಬಾಮೈದನ ಮನೆ. ಅಲ್ಲೇ ಉಳ್ಕತೀನಿ. ಎಂಟೆಂಟು ಹಸ ಕರ್ದಿರೋ ಕೈ ಇದು."

ಅವರು ನನ್ನ ಕೈಯನ್ನು ನೋಡಿದರು. "ಸೀರೆ ಉಡಬೇಕಾಗುತ್ತೆ ಅಣ್ಣ."

"ಉಡ್ತೀನಿ."

ಗಂಡ ಅದಕ್ಕೂ ಬೇಡ ಎನ್ನಲಿಲ್ಲ. ಗುರುವಾರ ಬೆಳಿಗ್ಗೆ ಟೀಮು ಮೈಸೂರಿನ ರೈಲು ಹತ್ತಿತು. ಸಾಯಂಕಾಲ ನಾನು ಅವರ ಕೊಟ್ಟಿಗೆಯಲ್ಲಿ ಪ್ಯಾಂಟಿನ ಮೇಲೆ ಆ ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು ಕೂತೆ. ಡೈರಿಗೆ ಹಾಲು ಹಾಕಲು ಹೋಗುತ್ತಿದ್ದವರು ಬೇಲಿಯಾಚೆ ನಿಂತರು. "ಏನ್ಲಾ ಡ್ರೈವರು, ನಾಟಕದ ಕಂಪನಿ ಸೇರ್ಕಂಡಾ?" ಎಂದನೊಬ್ಬ. "ಸೀತೆ ಪಾಲ್ಟು ಕೊಟ್ಟವ್ರಾ, ಮಂಡೋದರೀದಾ?" ಎಂದ ಇನ್ನೊಬ್ಬ. ನಾನು ತಿರುಗಿ ನೋಡಲಿಲ್ಲ. ಅದನ್ನು ಸಹಿಸಿದೆ. ಆಮೇಲಿನದನ್ನು ಸಹಿಸುವುದು ಕಷ್ಟವಾಯಿತು.

ಹಸು ಒದೆಯಲಿಲ್ಲ. ಮೂತಿ ತಿರುಗಿಸಿ ಸೀರೆಯನ್ನು ಮೂಸಿತು, ಸುಮ್ಮನೆ ನಿಂತಿತು. ಆದರೆ ಹಾಲು ಇಳಿಸಲಿಲ್ಲ. ಕೆಚ್ಚಲು ತುಂಬಿತ್ತು, ಕೈಗೆ ಬಂದದ್ದು ಅರ್ಧ. ಬೆಚ್ಚನೆಯ ನೀರಲ್ಲಿ ತೊಳೆದೆ, ನೀವಿದೆ, ಮುಂದೆ ಹಿಂಡಿ ಇಟ್ಟೆ. ನನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದೆ. ಶುಕ್ರವಾರ ಬೆಳಿಗ್ಗೆಯೂ ಅರ್ಧ. ಶುಕ್ರವಾರ ಸಾಯಂಕಾಲ ಹಿಂದಿನ ಬಲಗಡೆಯ ಮೊಲೆ ಮುಟ್ಟಿದರೆ ಕಾದಿತ್ತು. ಹಿಂಡಿದಾಗ ಹಾಲಿನಲ್ಲಿ ಮೊಸರಿನಂಥ ಚೂರು ಬಂತು. ಕೆಚ್ಚಲು ಬಾವು. ಹಾಲು ಒಳಗೇ ನಿಂತರೆ ಬರುವುದು ಅದೇ ಎಂದು ನಾನು ಹನ್ನೆರಡನೇ ವಯಸ್ಸಿಗೇ ಕಲಿತಿದ್ದೆ.

ಡಾಕ್ಟರನ್ನು ಆಗಲೇ ಕರೆಸಬೇಕಿತ್ತು. ಕರೆಸಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಸೀರೆ ಉಟ್ಟು ಕೂತ ಡ್ರೈವರನಿಗೆ ಕರೆಯಲು ಬರಲಿಲ್ಲ ಎಂದು. ನಾಳೆ ಬೆಳಿಗ್ಗೆಯೊಳಗೆ ನಾನೇ ಸರಿಮಾಡುತ್ತೇನೆ ಎಂದುಕೊಂಡೆ. ಜಗಲಿಯ ಮೇಲೆ ಗಂಡ ಕೂತಿದ್ದರು. ಡೈರಿಯಲ್ಲಿ ಅಳತೆ ಕಡಿಮೆಯಾದದ್ದು ಅವರಿಗೆ ಗೊತ್ತಿತ್ತು.

"ಮೇಡಂಗೆ ಫೋನ್ ಮಾಡಾಣ್ವಾ?" ಎಂದು ಕೇಳಿದೆ.

"ಯಾಕೆ? ಬಂದು ಅವಳೇ ನೋಡ್ಲಿ ಬಿಡಿ" ಎಂದರು. ಅದೇ ಮೆತ್ತನೆಯ ದನಿ.

ಅಷ್ಟರಲ್ಲಿ ಮೇಡಂ ಅವರದ್ದೇ ಫೋನು ಬಂತು. ಸೆಮಿಫೈನಲ್ ಗೆದ್ದಿದ್ದರು. ಹಿಂದೆ ಹುಡುಗಿಯರ ಗಲಾಟೆ ಕೇಳುತ್ತಿತ್ತು. ಬೆಳಿಗ್ಗೆ ಫೈನಲ್ಲು.

"ಹಾಲು ಕೊಟ್ಟಳಾ ಅಣ್ಣ?"

ನಿಜ ಹೇಳಿದ್ದರೆ ಅವರು ಹೊರಟು ಬರುತ್ತಿದ್ದರು. ಅವರು ಹೊರಟರೆ ಟೀಮು ಮೈದಾನಕ್ಕೆ ಇಳಿಯುವಂತಿಲ್ಲ. ಇದು ನಾನು ಆಮೇಲೆ ನನಗೆ ಹೇಳಿಕೊಂಡ ಕಾರಣ. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ನನ್ನ ಕೈಯ ಜಂಬವೋ, ಮಗಳ ಆಟವೋ, ಇವತ್ತಿಗೂ ಬೇರ್ಪಡಿಸಲಾರೆ.

"ಪೂರ್ತಿ ಕೊಟ್ಟಳು ಮೇಡಂ. ಯೋಚ್ನೆ ಮಾಡ್ಬೇಡಿ" ಎಂದೆ.

"ಸರಿ ಅಣ್ಣ" ಎಂದು ಫೋನು ಇಟ್ಟರು.

ಶನಿವಾರ ಗೆದ್ದರು. ಒಂದೇ ರನ್ನಿನ ಅಂತರ. ಕೊನೆಯ ಇನ್ನಿಂಗ್ಸಿನಲ್ಲಿ ಎದುರಾಳಿ ಹುಡುಗಿ ಮೂರನೇ ಬೇಸಿನಿಂದ ಓಡಿ ಬಂದು ಕಾಲು ಚಾಚಿ ಪ್ಲೇಟಿಗೆ ಜಾರಿದಳಂತೆ, ರೂಪ ಅಡ್ಡಬಿದ್ದು ಬಾಲು ಮುಟ್ಟಿಸಿ ಔಟ್ ಮಾಡಿದಳಂತೆ. ಅವಳು ಫೋನಿನಲ್ಲಿ ಉಸಿರು ಬಿಡದೆ ಹೇಳುತ್ತಿದ್ದಾಗ ನಾನು ಹಸುವಿನ ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದೆ. "ಮೇಡಂ ಏನಂದ್ರು?" ಎಂದೆ. "ಏನೂ ಇಲ್ಲ ಅಪ್ಪ, ಮೈದಾನದಲ್ಲೇ ಕಾಲು ಚಾಚ್ಕೊಂಡು ಕೂತವ್ರೆ. ಏಳಿ ಅಂದ್ರೂ ಏಳ್ತಿಲ್ಲ" ಎಂದಳು.

ಮಧ್ಯಾಹ್ನ ಡಾಕ್ಟರನ್ನು ಕರೆಸಿದೆ. ಅವರು ಸೂಜಿ ಹಾಕಿ, ಒಂದು ದಿನ ಮೊದಲು ಹೇಳಬಾರದಿತ್ತೇನ್ರಿ ಎಂದರು.

ಭಾನುವಾರ ಸಂಜೆ ಮೇಡಂ ಬಂದರು. ಕುತ್ತಿಗೆಯಲ್ಲಿ ಪದಕ ಇರಲಿಲ್ಲ, ಬಹುಶಃ ಚೀಲದಲ್ಲಿತ್ತು. ನಾನು ಸೀರೆ ಮಡಿಸಿ ಕೈಗೆ ಕೊಟ್ಟೆ. ಅವರು ಸುತ್ತಿಕೊಂಡು ಕೂತು ಒಂದೊಂದೇ ಮೊಲೆ ಮುಟ್ಟುತ್ತಾ ಹೋಗಿ ಬಲಗಡೆಯದಕ್ಕೆ ಬಂದು ನಿಂತರು. ನಾನು ಏನೋ ಹೇಳಲು ಹೋದೆ. ಅವರು ತಲೆಯಾಡಿಸಿದರು, ಬೇಡ ಎಂಬಂತೆ. ಆ ಮೊಲೆ ಮತ್ತೆ ಹಾಲು ಕೊಡಲಿಲ್ಲ. ಗಂಡ ಬಯ್ಯಲಿಲ್ಲ, ಹೊಡೆಯಲಿಲ್ಲ. ಒಂದೇ ಮಾತು ಹೇಳಿದರಂತೆ: "ಮೂರು ದಿನಕ್ಕೆ ಒಂದು ಮೊಲೆ ಹೋಯ್ತು. ಮುಂದಿನ ಸಲ ಎಷ್ಟು ದಿನ?"

ಮುಂದಿನ ವರ್ಷ ಟೀಮು ಇನ್ನೂ ಚೆನ್ನಾಗಿತ್ತು. ಹೊರಗೆ ಉಳಿಯುವ ಪಂದ್ಯ ಬಂದಾಗ ಮೇಡಂ ತಾವೇ ಪ್ರಿನ್ಸಿಪಾಲರ ಹತ್ತಿರ ಹೋಗಿ ಆಗುವುದಿಲ್ಲ ಎಂದರು. ಅದರ ಮುಂದಿನ ವರ್ಷವೂ ಅಷ್ಟೇ. ಹುಡುಗಿಯರು ಒಬ್ಬೊಬ್ಬರೇ ಬಿಟ್ಟರು. ಹೊರಗೆ ಹೋಗದ ಆಟವನ್ನು ಎಷ್ಟು ದಿನ ಆಡುತ್ತಾರೆ? ಹಸು ಮುದಿಯಾಗಿತ್ತು, ಆದರೂ ಕರೆಯಬೇಕಿತ್ತು. ಕಡೆಗೆ ಅದರ ಮಗ್ಗುಲಿಗೆ ಇನ್ನೊಂದು ಸೀಮೆಹಸ ತಂದು ಕಟ್ಟಿದರು. ಅದನ್ನೂ ಇವರೇ ಕರೆಯುತ್ತಾರೆ.

ನಾನು ಮೂರು ವರ್ಷ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ನಮಸ್ಕಾರ ಮೇಡಂ ಎಂದರೆ ನಮಸ್ಕಾರ ಅಣ್ಣ, ಅಷ್ಟೇ. ಹೋದ ತಿಂಗಳು ಅನುಭವದ ಪತ್ರ ತೆಗೆದುಕೊಳ್ಳಲು ಕಾಲೇಜಿಗೆ ಬಂದಿದ್ದರು. ಸ್ಟ್ಯಾಂಡಿನಲ್ಲಿ ಕಂಡರು. ಟೀ ಕುಡಿಯೋಣ ಬನ್ನಿ ಎಂದೆ. ಬೆಂಚಿನ ಮೇಲೆ ಕೂತ ಮೇಲೆ, ಇನ್ನು ಇವರು ಈ ಕಡೆ ಬರುವುದಿಲ್ಲ, ಇವತ್ತು ಹೇಳದಿದ್ದರೆ ಇಲ್ಲ ಎನಿಸಿತು.

"ಮೇಡಂ, ಅವತ್ತು ಮೈಸೂರಿಂದ ಫೋನ್ ಮಾಡಿದ್ರಲ್ಲ, ನಾನು ಸುಳ್ಳು ಹೇಳ್ದೆ. ಅವಳು ಕೊಟ್ಟಿರ್ಲಿಲ್ಲ."

ಅವರು ಟೀ ಆರಿಸುತ್ತಿದ್ದರು. "ಗೊತ್ತು ಅಣ್ಣ."

"ಬಂದು ನೋಡಿದ್ ಮೇಲೆ ಗೊತ್ತಾಗಿದ್ದು. ಅದಲ್ಲ ನಾನ್ ಹೇಳ್ತಿರದು."

"ಅವತ್ತೇ ಗೊತ್ತಾಯ್ತು. ನೀವು ಮಾತಾಡ್ತಿದ್ದಾಗ ಹಿಂದೆ ಅವಳು ಕೂಗ್ತಿದ್ಲು. ಕೆಚ್ಚಲು ಖಾಲಿಯಾದ್ರೆ ಅವಳು ಕೂಗಲ್ಲ."

ನಾನು ಟೀ ಲೋಟ ಬೆಂಚಿನ ಮೇಲಿಟ್ಟೆ. "ಮತ್ತೆ ಯಾಕೆ ಸುಮ್ನಾದ್ರಿ? ಇನ್ನೊಂದ್ ಸಲ ಕೇಳಿದ್ರೆ ನಾನು ಹೇಳ್ಬಿಡ್ತಿದ್ದೆ."

"ಅದಕ್ಕೇ ಕೇಳ್ಲಿಲ್ಲ" ಎಂದರು.

ಟೀ ಕುಡಿದು ಮುಗಿಸಿದರು. ಪತ್ರದ ಕವರನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದ ಹಾಗೆ, "ಅವಳ ಬಲಗಡೆ ಮೊಲೆ ಹೋಗುತ್ತೆ ಅಂತ ಗೊತ್ತಿದ್ದೇ ಆ ರಾತ್ರಿ ಹುಡುಗೀರ ಜೊತೆ ಕೂತು ಊಟ ಮಾಡಿದೆ. ಎರಡು ಸಲ ಅನ್ನ ಹಾಕಿಸ್ಕೊಂಡೆ" ಎಂದರು.